ಹಿರಿಯರಿಗೆ ಫೋನ್ ಕಲಿಸೋಕೆ ಟ್ಯಾಬಾ, ಪ್ರೊಜೆಕ್ಟರಾ, ಅವರದೇ ಫೋನಾ? ಮೂರನ್ನೂ ಮಾಡಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ವಯಸ್ಸಾದವರಿಗೆ ಕಲಿಸುವುದಾದರೆ ಅವರ ಕೈಯಲ್ಲಿರುವ ಫೋನಿನಲ್ಲೇ ಕಲಿಸಿ. ಟ್ಯಾಬ್ ಕೊಳ್ಳಬೇಡಿ. ನಾವು ನಾಲ್ಕು ಟ್ಯಾಬ್ ಕೊಂಡೆವು, ಒಂದಕ್ಕೆ 6,800 ರೂಪಾಯಿ. ಒಟ್ಟು 27,200. ಹೆಂಗಸರು ವಾರವಾರ ಕಟ್ಟಿದ ಸಂಘದ ದುಡ್ಡು ಅದು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಮ್ಮ ಊರು ಶಿಡ್ಲಘಟ್ಟದ ಹತ್ತಿರ. ಹುಳು ಸಾಕುವವರು, ಗೂಡು ಮಾರುವವರು, ಫಿಲೇಚರ್‌ನಲ್ಲಿ ನೂಲು ತೆಗೆಯುವವರು, ಹೀಗೆ ಎಲ್ಲರಿಗೂ ರೇಷ್ಮೆಯ ನಂಟು ಇದ್ದೇ ಇದೆ. ನಾನು ಪ್ರೈಮರಿ ಶಾಲೆ ಟೀಚರ್ ಆಗಿ ರಿಟೈರ್ ಆದವಳು. ವಾರಕ್ಕೆ ಎರಡು ದಿನ ಮಧ್ಯಾಹ್ನ ಭಜನೆ ಮಂದಿರದಲ್ಲಿ ಸೇರುತ್ತೇವೆ. 14 ಜನ. ಹನ್ನೊಂದು ಜನಕ್ಕೆ 60 ದಾಟಿದೆ. ಉಳಿದ ಮೂವರು ರಾಯಚೂರು ಕಡೆಯಿಂದ ಕೆಲಸಕ್ಕೆ ಬಂದು ಇಲ್ಲೇ ಬಾಡಿಗೆ ಮನೆ ಮಾಡಿರುವ ಹೆಣ್ಣುಮಕ್ಕಳು.

ಹಳ್ಳಿಗಳಲ್ಲಿ ಕಂಪ್ಯೂಟರ್, ಫೋನ್ ಕಲಿಸೋಕೆ ಕೇಂದ್ರ ಸರ್ಕಾರ 2017ರಲ್ಲಿ ತಂದ ಡಿಜಿಟಲ್ ಸಾಕ್ಷರತಾ ಅಭಿಯಾನದಲ್ಲಿ ವಯಸ್ಸು 14ರಿಂದ 60 ಅಂತ ಇತ್ತು. ನಮ್ಮ ಅಜ್ಜಿಯರು ಅದರಿಂದ ಹೊರಗೇ ಉಳಿದರು. ಅವರಿಗೆ ಬೇಕಾದದ್ದು ದೊಡ್ಡ ವಿದ್ಯೆಯೇನೂ ಅಲ್ಲ. ಗೃಹಲಕ್ಷ್ಮಿಯ 2,000 ಬಂತಾ ಅಂತ ಯಾರನ್ನೂ ಕೇಳದೆ ನೋಡಿಕೊಳ್ಳಬೇಕು. ಅಂಗಡಿಗೆ ದುಡ್ಡು ಕಳಿಸಬೇಕು. ಮೊಮ್ಮಗಳ ಮುಖ ನೋಡಬೇಕು. ಅಷ್ಟೇ.

ಪ್ರೊಜೆಕ್ಟರ್ ವಿಷಯ ಬೇಗ ಮುಗಿಸುತ್ತೇನೆ. ಪರಿಚಯದವರಿಂದ ಎರವಲು ತಂದು ಮೂರು ವಾರ ನಡೆಸಿದೆ. ಮಧ್ಯಾಹ್ನದ ಬೆಳಕಿಗೆ ಗೋಡೆ ಮೇಲೆ ಏನೂ ಕಾಣುವುದಿಲ್ಲ, ಕಿಟಕಿ ಮುಚ್ಚಿದರೆ ಸೆಕೆ. ಕರೆಂಟ್ ಹೋದರೆ ಪಾಠವೂ ಹೋಯಿತು. ನಾನು ಹೇಳಿದ್ದಕ್ಕೆಲ್ಲ ಎಲ್ಲರೂ ತಲೆ ಆಡಿಸಿದರು. ಕೈಗೆ ಫೋನ್ ಕೊಟ್ಟಾಗ ಒಬ್ಬರಿಗೂ ಬರಲಿಲ್ಲ.

ಟ್ಯಾಬ್ ಅನ್ನಿಸಿದ್ದು ಆಗಲೇ. ಪರದೆ ದೊಡ್ಡದು, ಅಕ್ಷರ ದೊಡ್ಡದು, ಕನ್ನಡಕ ಇಲ್ಲದಿದ್ದರೂ ಕಾಣುತ್ತದೆ. ಬೆಂಗಳೂರಿನ ಒಂದು ಅಂಗಡಿಯಲ್ಲಿ ವೈಫೈ ಮಾತ್ರ ಇರುವ ಮಾಡೆಲ್ ತೋರಿಸಿದರು. ಸಿಮ್ ಹಾಕುವ ಮಾಡೆಲ್‌ಗೆ ದುಡ್ಡು ಜಾಸ್ತಿ. "ಹಾಟ್‌ಸ್ಪಾಟ್ ಕೊಟ್ಟರೆ ಎಲ್ಲಾ ನಡೆಯುತ್ತೆ ಮೇಡಂ" ಅಂದರು. ನಂಬಿದೆ.

ಎಲ್ಲಾ ನಡೆಯಲಿಲ್ಲ. ಎರಡನೇ ವಾರ ದುಡ್ಡು ಕಳಿಸುವ ಪಾಠ. ಯುಪಿಐ ಆ್ಯಪ್ ಹಾಕಿದೆ, ನಂಬರ್ ಒತ್ತಿದೆ. ಅದು ಸುತ್ತಿ ಸುತ್ತಿ, ಸಿಮ್ ಇಲ್ಲ ಅಂದಿತು. ನಾಲ್ಕೂ ಟ್ಯಾಬ್‌ನಲ್ಲಿ ಅದೇ ಕಥೆ. ಆಮೇಲೆ ಕಾರಣ ಗೊತ್ತಾಯಿತು. ಈ ಆ್ಯಪ್ ಮೊದಲ ಸಲ ಶುರು ಮಾಡುವಾಗ ಫೋನಿನಿಂದ ತಾನೇ ಒಂದು ಎಸ್‌ಎಂಎಸ್ ಕಳಿಸುತ್ತದೆ. ಬ್ಯಾಂಕಿಗೆ ಕೊಟ್ಟಿರುವ ನಂಬರಿನ ಸಿಮ್ ಇದೇ ಫೋನಿನಲ್ಲಿ ಇದೆಯಾ ಅಂತ ನೋಡಿಕೊಳ್ಳುವ ದಾರಿ ಅದು. ಬೇರೆಯವರು ನಮ್ಮ ನಂಬರ್ ಹಾಕಿ ಖಾತೆಗೆ ಕೈ ಹಾಕಬಾರದು ಅಂತ ಇಟ್ಟ ಬೀಗ. ಬೀಗ ಸರಿಯಾಗೇ ಇದೆ. ಸಿಮ್ ಇಲ್ಲದ ಟ್ಯಾಬ್ ತಂದವಳು ನಾನು.

ಹೋಗಲಿ, ದುಡ್ಡಿನ ಪಾಠ ಬಿಟ್ಟು ಬೇರೆ ಕಲಿಸೋಣ ಅಂದುಕೊಂಡೆ. ಮೆಸೇಜ್ ಓದುವ ಪಾಠಕ್ಕೆ ಮೆಸೇಜೇ ಬರುವುದಿಲ್ಲ. ಬ್ಯಾಂಕಿನ ಎಸ್‌ಎಂಎಸ್, ಒಟಿಪಿ, ಎಲ್ಲಾ ಬರುವುದು ಸೀರೆ ಸೆರಗಿನಲ್ಲಿ ಸಿಕ್ಕಿಸಿಕೊಂಡ ಆ ಹಳೇ ಫೋನಿಗೆ. ಟ್ಯಾಬ್ ನೋಡಿ ಒಂದು ಹೆಜ್ಜೆ, ಫೋನ್ ತೆಗೆದು ಒಟಿಪಿ ಓದಿ ಇನ್ನೊಂದು ಹೆಜ್ಜೆ. ಅಷ್ಟರಲ್ಲಿ ಟ್ಯಾಬ್‌ನ ಪರದೆ ಆರಿರುತ್ತಿತ್ತು.

ಇದಕ್ಕಿಂತ ನೋವಾಗಿದ್ದು ಇನ್ನೊಂದಿದೆ. ಎರಡು ತಿಂಗಳು ಟ್ಯಾಬ್‌ನಲ್ಲಿ ಚೆನ್ನಾಗಿ ಕಲಿತ ಒಬ್ಬ ಅಜ್ಜಿ, ಮನೆಯಲ್ಲಿ ತನ್ನ ಫೋನ್ ತೆಗೆದು ಸುಮ್ನೆ ಕೂತಿದ್ದರಂತೆ. "ಟೀಚರಮ್ಮ, ಇದರಲ್ಲಿ ಆ ಬಾಣದ ಗುರುತೇ ಇಲ್ವಲ್ಲಾ" ಅಂದರು. ಟ್ಯಾಬ್‌ನಲ್ಲಿ ಹಿಂದಕ್ಕೆ ಹೋಗೋಕೆ ಕೆಳಗಡೆ ಗುಂಡಿ ಇತ್ತು. ಅವರ ಫೋನಿನಲ್ಲಿ ಗುಂಡಿ ಇಲ್ಲ, ಅಂಚಿನಿಂದ ಬೆರಳು ಎಳೆಯಬೇಕು. ನಮಗೆ ಅದು ಚಿಕ್ಕ ವ್ಯತ್ಯಾಸ. ಅವರಿಗೆ ಎರಡು ತಿಂಗಳ ಕಲಿಕೆ ಅಲ್ಲಿಗೇ ನಿಂತಿತು. ಅವತ್ತೇ ಟ್ಯಾಬ್ ಬೀರುವಿಗೆ ಸೇರಿದವು.

ಈಗ ಅವರದೇ ಫೋನ್. ಇದಕ್ಕೂ ತಾಪತ್ರಯ ಇಲ್ಲ ಅಂತಲ್ಲ. 14 ಜನಕ್ಕೆ 14 ಥರದ ಫೋನ್. ಶುಭೋದಯದ ಚಿತ್ರಗಳು ತುಂಬಿ ಜಾಗ ಇರುವುದಿಲ್ಲ. ಆದರೆ ಇಲ್ಲಿ ಸರಿ ಮಾಡಿದ್ದು ಮನೆಗೆ ಹೋದ ಮೇಲೂ ಸರಿಯಾಗೇ ಇರುತ್ತದೆ. ಮೊದಲ ದಿನ ನಾನು ಪಾಠ ಮಾಡುವುದೇ ಇಲ್ಲ, ಸೆಟ್ಟಿಂಗ್ಸ್ ಮಾತ್ರ. ಅಕ್ಷರ ದೊಡ್ಡದು. ಭಾಷೆ ಕನ್ನಡ. ಪರದೆ ಆರುವ ಹೊತ್ತು ಐದು ನಿಮಿಷ. ಎಲ್ಲರಿಗೂ ಕೆಳಗಡೆ ಮೂರು ಗುಂಡಿ.

ಇನ್ನೊಂದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಬಿಡಿಸಿ ಬರೆಯುತ್ತೇನೆ. ವಯಸ್ಸಾದವರು ಪರದೆಯನ್ನು ಮುಟ್ಟುವುದಿಲ್ಲ, ಕಾಲಿಂಗ್ ಬೆಲ್ ಒತ್ತುವ ಹಾಗೆ ಒತ್ತುತ್ತಾರೆ. ಫೋನ್ ಅದನ್ನು 'ಒತ್ತಿ ಹಿಡಿದರು' ಅಂತ ತಿಳಿದು ಆ್ಯಪ್‌ನ ಚಿತ್ರವನ್ನೇ ಜಾಗದಿಂದ ಎತ್ತಿಬಿಡುತ್ತದೆ. ಅವರು ಗಾಬರಿಯಾಗಿ ಫೋನ್ ಕೆಳಗಿಡುತ್ತಾರೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ ಅಂತ ಇದೆ. ಎಷ್ಟು ಹೊತ್ತು ಬೆರಳಿಟ್ಟರೆ ಒತ್ತಿ ಹಿಡಿದ ಲೆಕ್ಕ ಅನ್ನುವುದನ್ನು ಅಲ್ಲಿ ಬದಲಿಸಬಹುದು. ಎಲ್ಲಕ್ಕಿಂತ ಉದ್ದದ ಹೊತ್ತಿಗೆ ಇಡಿ. ಅರ್ಧ ತೊಂದರೆ ಅಲ್ಲಿಗೇ ಕಳೆಯುತ್ತದೆ.

ಫಿಲೇಚರ್‌ನಲ್ಲಿ ಮೂವತ್ತು ವರ್ಷ ದುಡಿದ ಒಬ್ಬ ಅಕ್ಕ ಇದ್ದಾರೆ. ಬಿಸಿನೀರಿನಲ್ಲಿ ಗೂಡು ತಡಕಿ ತಡಕಿ ಬೆರಳ ತುದಿ ಗಟ್ಟಿಯಾಗಿದೆ. ಅವರು ಎಷ್ಟು ಮುಟ್ಟಿದರೂ ಪರದೆಗೆ ಗೊತ್ತೇ ಆಗುತ್ತಿರಲಿಲ್ಲ. ಚರ್ಮದಲ್ಲಿ ವಿದ್ಯುತ್ ಹರಿಯುವುದನ್ನು ಹಿಡಿದು ಕೆಲಸ ಮಾಡುವ ಪರದೆ ಅದು, ಒಣಗಿ ಗಟ್ಟಿಯಾದ ಚರ್ಮ ಅದಕ್ಕೆ ಸರಿಯಾಗಿ ತಿಳಿಯುವುದಿಲ್ಲ. ಮೇಲಿದ್ದ ದಪ್ಪ ಗಾಜು ತೆಗೆಸಿದೆವು. ಪಕ್ಕದಲ್ಲಿ ಒಂದು ಒದ್ದೆ ಬಟ್ಟೆ ಇಟ್ಟೆವು. ಬೆರಳು ಬಟ್ಟೆಗೆ ಒತ್ತಿ, ತೇವ ಒರೆಸಿ, ತುದಿ ಬಿಟ್ಟು ಬೆರಳಿನ ಮೆತ್ತನೆ ಭಾಗದಿಂದ ಮುಟ್ಟುತ್ತಾರೆ. ಈಗ ಬರುತ್ತದೆ. ಮೊದಲ ಸಲ ಮಗಳಿಗೆ ತಾವೇ ವಿಡಿಯೋ ಕಾಲ್ ಮಾಡಿದ ದಿನ ಆ ಅಕ್ಕ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದು ನನ್ನ ಕಣ್ಣಲ್ಲೇ ಇದೆ.

ಜೋಡಿ ಕೂರಿಸುವುದು ಅವರದೇ ಫೋನ್ ಇದ್ದಾಗ ಮಾತ್ರ ಕೆಲಸಕ್ಕೆ ಬಂತು. ರಾಯಚೂರಿನ ಹುಡುಗಿಯರಿಗೆ ಫೋನ್ ಚುರುಕಾಗಿ ಬರುತ್ತದೆ, ಊರು ಹೊಸದು. ಅಜ್ಜಿಯರಿಗೆ ಊರೆಲ್ಲಾ ಗೊತ್ತು, ಫೋನ್ ಹೊಸದು. ಒಬ್ಬಳು ಆ್ಯಪ್ ತೋರಿಸುತ್ತಾಳೆ, ಇನ್ನೊಬ್ಬರು ಯಾವ ಆಸ್ಪತ್ರೆಗೆ ಹೋಗಬೇಕು, ರೇಷನ್ ಅಂಗಡಿ ಯಾವಾಗ ತೆರೆಯುತ್ತದೆ ಅಂತ ಹೇಳುತ್ತಾರೆ. ನಿಯಮ ಒಂದೇ. ಪಕ್ಕದವರ ಫೋನ್ ಮುಟ್ಟುವಂತಿಲ್ಲ. ನಾನೂ ಕೈ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತೇನೆ. ಮನೆಯಲ್ಲಿ ಮಕ್ಕಳು "ಕೊಡಮ್ಮ ಇಲ್ಲಿ" ಅಂತ ಕಿತ್ತುಕೊಂಡು ಮಾಡಿಕೊಟ್ಟೇ ಇವರಿಗೆ ಏನೂ ಬಂದಿಲ್ಲ.

ಪ್ರತಿಯೊಬ್ಬರಿಗೂ 20 ರೂಪಾಯಿಯ ಒಂದು ನೋಟ್‌ಬುಕ್. ಓದು ಬರದ ಅಜ್ಜಿ ವಾಟ್ಸಾಪ್‌ಗೆ ಹಸಿರು ಗುಂಡು ಬರೆದು ಒಳಗೆ ಫೋನ್ ಬರೆದುಕೊಂಡಿದ್ದಾರೆ. ಮೊದಲ ಪುಟದಲ್ಲಿ ಎಲ್ಲರದ್ದೂ ಒಂದೇ: ದುಡ್ಡು ಕಳಿಸೋಕೆ, ಬ್ಯಾಲೆನ್ಸ್ ನೋಡೋಕೆ ಪಿನ್ ಬೇಕು. ದುಡ್ಡು ಬರೋಕೆ ಪಿನ್ ಬೇಡ. ಮೋಸ ಆದರೆ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್. ಪಾಠದಲ್ಲಿ ಒಬ್ಬರಿಗೊಬ್ಬರು ಒಂದೊಂದು ರೂಪಾಯಿ ಕಳಿಸಿಕೊಳ್ಳುತ್ತಾರೆ. ಬಂದ ಕಡೆ ಪಿನ್ ಕೇಳಲಿಲ್ಲ ಅನ್ನುವುದನ್ನು ಅವರೇ ನೋಡುತ್ತಾರೆ. ಬಾಯಲ್ಲಿ ನೂರು ಸಲ ಹೇಳಿದರೂ ಅದು ಆಗುತ್ತಿರಲಿಲ್ಲ.

ಖರ್ಚು: ನೋಟ್‌ಬುಕ್ಕಿಗೆ 280, ಚಾರ್ಜ್ ಮಾಡೋಕೆ ಎಕ್ಸ್‌ಟೆನ್ಷನ್ ಬೋರ್ಡಿಗೆ 350. ನನಗೆ ಹೊತ್ತಿದೆ, ಒಬ್ಬೊಬ್ಬರ ಪಕ್ಕ ಕೂತು ಹೇಳುವುದು ಹಳೇ ಅಭ್ಯಾಸ, ಹಾಗಾಗಿ ನನಗೆ ಇದೇ ಸರಿ. ನಿಮ್ಮ ಗುಂಪಿನಲ್ಲಿ 40 ಜನ ಇದ್ದು ಕಲಿಸುವವರು ಒಬ್ಬರೇ ಆದರೆ ಈ ರೀತಿ ಆಗುವುದಿಲ್ಲ, ಹತ್ತಿಪ್ಪತ್ತು ಜನದ ತಂಡ ಮಾಡಿಕೊಳ್ಳಿ. ಫೋನೇ ಇಲ್ಲದವರು ಇದ್ದರೆ ಟ್ಯಾಬ್ ಬದಲು ಸಿಮ್ ಹಾಕುವ ಕಡಿಮೆ ಬೆಲೆಯ ಫೋನ್ ಒಂದು ಇಟ್ಟುಕೊಳ್ಳಿ.

ಮೂರು ಟ್ಯಾಬ್ ಮಾರಿದೆವು, 9,000 ಬಂತು. ಅದರಲ್ಲಿ ಇಬ್ಬರು ಅಜ್ಜಿಯರ ಫೋನಿಗೆ ಹೊಸ ಬ್ಯಾಟರಿ ಹಾಕಿಸಿ, ಉಳಿದದ್ದನ್ನು ಸಂಘದ ಖಾತೆಗೆ ಕಟ್ಟಿದೆ. ನಾಲ್ಕನೆಯದನ್ನು ಕಣ್ಣು ಮಂಜಾದ ಯಜಮಾನರೊಬ್ಬರು ಪೇಪರ್ ಓದೋಕೆ ಮನೆಗೆ ಒಯ್ದಿದ್ದಾರೆ.