ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸಿದ್ದರೆ ಹೊರಗಿನ ತೆಪ್ಪವನ್ನೂ ಹತ್ತಬೇಡಿ

ಮಳೆಗಾಲದಲ್ಲಿ ಶ್ರೀರಂಗಪಟ್ಟಣದ ಕಡೆ ಹೊರಟವರು ದಯವಿಟ್ಟು ಇದನ್ನೊಮ್ಮೆ ಓದಿ. ಅದರಲ್ಲೂ ಮಕ್ಕಳನ್ನು ಕರೆದುಕೊಂಡು ಹೋಗುವವರು.

ರಂಗನತಿಟ್ಟಿನಲ್ಲಿ ‘ಇಂದು ದೋಣಿ ವಿಹಾರ ಇಲ್ಲ’ ಅಂತ ಬೋರ್ಡ್ ಇಟ್ಟ ದಿನ, ರಸ್ತೆಯಲ್ಲಿ ಬೇರೆಯದೇ ಒಂದು ವ್ಯಾಪಾರ ಶುರುವಾಗುತ್ತದೆ. ಬೇಜಾರಿನಲ್ಲಿ ವಾಪಸ್ ಹೊರಟ ಕಾರುಗಳನ್ನು ನಿಲ್ಲಿಸಿ, ಬೇರೆ ಜಾಗದಲ್ಲಿ ತೆಪ್ಪ ಹತ್ತಿಸುತ್ತೇವೆ ಬನ್ನಿ ಅಂತ ಕರೆಯುತ್ತಾರೆ. ನಮಗೆ ಆಗಿದ್ದು ಅದೇ.

ಕಳೆದ ಮಳೆಗಾಲದ ಒಂದು ಭಾನುವಾರ. ಚಿತ್ರದುರ್ಗದಿಂದ ಚಿಕ್ಕಮ್ಮ, ತಂಗಿ, ತಂಗಿ ಗಂಡ, ಮಕ್ಕಳು ಬಂದಿದ್ದರು. ಮಕ್ಕಳು ಮನೆಯಿಂದಲೇ ದೋಣಿ ದೋಣಿ ಅಂತ ಕುಣಿಯುತ್ತಿದ್ದವು. ಮೈಸೂರಿನಲ್ಲಿ ಮಳೆಯ ಸುಳಿವೇ ಇಲ್ಲ, ಬಿಸಿಲು ಚುರುಕಾಗಿತ್ತು. ರಂಗನತಿಟ್ಟಿನಲ್ಲಿ ಮಾತ್ರ ಕನ್ನಂಬಾಡಿಯಿಂದ (ಅದೇ ಕೆಆರ್‌ಎಸ್ ಅಣೆಕಟ್ಟೆ) ನೀರು ಬಿಟ್ಟಿದ್ದಾರೆ, ಬೋಟಿಂಗ್ ಇಲ್ಲ ಅಂದರು. ಕಾರು ತಿರುಗಿಸುವಷ್ಟರಲ್ಲಿ ಬೈಕಿನಲ್ಲಿ ಒಬ್ಬ ಪಕ್ಕಕ್ಕೆ ಬಂದ.

“ಅದು ಫಾರೆಸ್ಟ್ನೋರ ರೂಲ್ಸು ಸಾ, ಅದಕ್ಕೆ ನಿಲ್ಲಿಸವ್ರೆ. ನಮ್ ಕಡೆ ನೀರು ಸೈಲೆಂಟು. ತಲೆಗೆ ನೂರು ರೂಪಾಯಿ. ಮೊಸಳೇನೂ ತೋರಿಸ್ತೀವಿ.”

ನೋಡಿ, ಮೊಸಳೆ ತೋರಿಸುತ್ತೇನೆ ಅಂದರೆ ಹೆದರಬೇಕಾದ ಮಾತು. ಅವನು ಹೇಳಿದ ಧಾಟಿಯಲ್ಲಿ ಅದು ಪ್ಯಾಕೇಜಿನ ಜೊತೆ ಫ್ರೀ ಕೊಡುವ ಐಸ್‌ಕ್ರೀಮ್ ಹಾಗೆ ಕೇಳಿಸಿತು. ಮಕ್ಕಳು ಚಪ್ಪಾಳೆ ತಟ್ಟಿದವು. ಅವನ ಬೈಕಿನ ಹಿಂದೆ ನಾಲೆ ಏರಿ, ಕಬ್ಬಿನ ಗದ್ದೆ ದಾಟಿ ಕಾವೇರಿ ದಡಕ್ಕೆ ಹೋದೆವು. ಜಾಗದ ಹೆಸರು ಹೇಳುವುದಿಲ್ಲ. ಇಂಥ ಜಾಗ ಅದೊಂದೇ ಅಲ್ಲ, ಹೆಸರು ಹೇಳಿದರೆ ಉಳಿದವೆಲ್ಲ ಸರಿಯಿವೆ ಅಂತ ಆಗಿಬಿಡುತ್ತದೆ.

ಬಿದಿರಿನ ತೆಪ್ಪ. ತಳಕ್ಕೆ ಟಾರ್ಪಾಲು ಹೊದಿಸಿ ಟಾರು ಬಳಿದಿದ್ದರು. ಲೈಫ್ ಜಾಕೆಟ್ ಕೇಳಿದರೆ ಇದೆ ಅಂದರು, ಇತ್ತು ಕೂಡ. ತೆಪ್ಪದೊಳಗೆ ಕೂರೋಕೆ ಮೆತ್ತೆಯಾಗಿ ಹಾಕಿದ್ದರು. ಎತ್ತಿ ನೋಡಿದರೆ ಒಂದಕ್ಕೆ ಬಕಲ್ ಇಲ್ಲ, ಅದರ ಜಾಗದಲ್ಲಿ ಗೊಬ್ಬರದ ಚೀಲ ಹೊಲಿಯುವ ದಾರ ಕಟ್ಟಿದ್ದರು. ಇನ್ನೊಂದು ಹರಿದು ಒಳಗಿನ ಥರ್ಮಾಕೋಲ್ ಉದುರುತ್ತಿತ್ತು. ಎರಡೂ ದೊಡ್ಡವರ ಅಳತೆ. ತಂಗಿಯ ಚಿಕ್ಕ ಮಗಳಿಗೆ ಹಾಕಿದರೆ ಅದು ಕುತ್ತಿಗೆಯಿಂದ ಮೇಲೆ ಹೋಗಿ ಕಿವಿ ಮುಚ್ಚಿತು. ಅಂಥದ್ದನ್ನು ಹಾಕಿಕೊಂಡು ನೀರಿಗೆ ಬಿದ್ದರೆ ಜಾಕೆಟ್ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ಚಿಕ್ಕಮ್ಮ “ನಾ ಬರಲ್ಲಪ್ಪ” ಅಂತ ದಡದಲ್ಲೇ ಕೂತರು. ಅವರಿದ್ದ ಕಡೆ ನೀರಿಗಿಳಿಯುವ ಕಲ್ಲಿನ ಮೆಟ್ಟಿಲುಗಳಿದ್ದವು. ಆ ಮೆಟ್ಟಿಲ ವಿಷಯ ಮುಂದೆ ಬರುತ್ತದೆ.

ದಡದ ಹತ್ತಿರ ನೀರು ಹೌದು, ಸೈಲೆಂಟಾಗಿಯೇ ಇತ್ತು. ನಡುವಿಗೆ ಹೋದ ಮೇಲೆ ತೆಪ್ಪದವನು ಹುಟ್ಟು ಎತ್ತಿ ತೊಡೆ ಮೇಲೆ ಇಟ್ಟುಕೊಂಡ. ನೂರು ರೂಪಾಯಿಗೆ ಇಲ್ಲಿಗೇ ಲಾಸ್ಟು, ಬಂಡೆ ಸುತ್ತಿಸಿಕೊಂಡು ಬರೋಕೆ ತಲೆಗೆ ಮುನ್ನೂರು ಅಂದ. ಬೇಡ, ವಾಪಸ್ ಬಿಡಪ್ಪ ಅಂದರೆ ವಾಪಸ್ ಬಿಡೋಕೂ ಸೆಳೆತ ಜಾಸ್ತಿ ಇದೆ, ಕಷ್ಟ ಆಗುತ್ತೆ, ನೋಡ್ಕೊಂಡು ಕೊಡಿ ಅಂತ ಶುರು ಮಾಡಿದ. ನದಿ ಮಧ್ಯೆ ಕೂತು ಚೌಕಾಸಿ ಮಾಡೋದು ಹೇಗೆ? ತಂಗಿ ಗಂಡ ಸರಿ ಅಂದರು. ಖುಷಿಗೆ ಅಂತ ಅವನು ತೆಪ್ಪವನ್ನು ಗಿರಗಿರ ತಿರುಗಿಸಿದ. ಒಂದು ಕಡೆ ವಾಲಿ ಅಂಚಿನಿಂದ ನೀರು ಒಳಗೆ ನುಗ್ಗಿತು. ಮಕ್ಕಳಲ್ಲಿ ದೊಡ್ಡವನು ಗಾಬರಿಯಿಂದ ಎದ್ದು ನಿಂತುಬಿಟ್ಟ. ತೆಪ್ಪದಲ್ಲಿ ಒಬ್ಬರು ಎದ್ದರೆ ಸಾಕು, ಎಲ್ಲರ ಭಾರವೂ ಒಂದೇ ಕಡೆಗೆ. ತಂಗಿ ಅವನ ಅಂಗಿ ಹಿಡಿದು ಕೂರಿಸಿದಳು.

ಅಷ್ಟರಲ್ಲಿ ನೀರಿನ ಬಣ್ಣ ಬದಲಾಗಿತ್ತು. ಕೆಂಪಗೆ, ಕಡ್ಡಿಕಸ ಹೊತ್ತು ಬರುತ್ತಿತ್ತು. ತೆಪ್ಪದವನ ಮುಖವೂ ಬದಲಾಯಿತು. ಹತ್ತಿದ ಕಡೆಗೆ ಹೋಗೋಕೆ ಎಷ್ಟು ಹುಟ್ಟು ಹಾಕಿದರೂ ಆಗಲಿಲ್ಲ. ದೂರದಿಂದ ನೋಡಿದರೆ ಚಿಕ್ಕಮ್ಮ ಕೂತಿದ್ದ ಮೆಟ್ಟಿಲುಗಳಲ್ಲಿ ಕೆಳಗಿನವು ಕಾಣಿಸುತ್ತಲೇ ಇರಲಿಲ್ಲ. ಅವರು ಮೇಲೆ ಹತ್ತಿ ನಿಂತು ಸೆರಗು ಬೀಸುತ್ತಿದ್ದರು. ಕೊನೆಗೆ ತುಂಬ ಕೆಳಗೆ, ಆಚೆ ದಡದ ಜೊಂಡಿನಲ್ಲಿ ತೆಪ್ಪ ಸಿಕ್ಕಿಕೊಂಡಿತು. ಒಂದೊಂದೇ ಮಗುವನ್ನು ಕೈಯಿಂದ ಕೈಗೆ ದಾಟಿಸಿ ಕೆಸರಿನಲ್ಲಿ ಇಳಿದೆವು. ಗದ್ದೆಯಲ್ಲಿದ್ದ ಒಬ್ಬ ಯಜಮಾನರು ಓಡಿ ಬಂದು, “ಯಾಕ್ ಸಾ, ಇಂಥ ನೀರಲ್ಲಿ ಮಕ್ಕಳ್ನ ಕರ್ಕಬಂದ್ರಿ? ಬೆಳಗ್ಗೆಯಿಂದ ಮೈಕಲ್ಲಿ ಕೂಗ್ತಾವ್ರೆ” ಅಂದರು. ತೆಪ್ಪದವನು ಅಲ್ಲೂ ಬಾಕಿ ದುಡ್ಡು ಕೇಳಿದ. ಯಜಮಾನರು ಗದರಿದ ಮೇಲೆ ಸುಮ್ಮನಾದ. ಸೇತುವೆ ದಾಟಿ ಚಿಕ್ಕಮ್ಮನ ಹತ್ತಿರ ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಬೈಕಿನವನು ಪತ್ತೆಯೇ ಇರಲಿಲ್ಲ.

ಈಗ ಅಸಲಿ ವಿಷಯ. ಆ ಬೈಕಿನವನ ‘ನಮ್ ಕಡೆ ನೀರು ಸೈಲೆಂಟು’ ಅನ್ನುವ ಮಾತೇ ಶುದ್ಧ ಸುಳ್ಳು. ರಂಗನತಿಟ್ಟು, ಪಶ್ಚಿಮವಾಹಿನಿ, ಸಂಗಮ, ನಡುವೆ ಬರುವ ಹಳ್ಳಿಗಳ ದಡ, ಎಲ್ಲ ಕಡೆ ಹರಿಯೋದು ಕನ್ನಂಬಾಡಿ ಕಟ್ಟೆಯಿಂದ ಬಿಟ್ಟ ನೀರೇ. ಮೇಲೆ ದೋಣಿ ಬಿಡೋಕೆ ಆಗದಷ್ಟು ನೀರು ಕೆಳಗೆ ಬಂದು ಸಾಧು ಆಗಿಬಿಡುತ್ತದಾ? ಶ್ರೀರಂಗಪಟ್ಟಣದ ಹತ್ತಿರ ನದಿ ಕವಲೊಡೆದು ಊರನ್ನು ಸುತ್ತಿಕೊಂಡು ಹೋಗುತ್ತದೆ, ಹಾಗಾಗಿ ಕೆಲವು ಕಡೆ ನೀರು ತೆಳ್ಳಗೆ ಕಾಣಿಸಬಹುದು. ಗೇಟು ಇನ್ನೊಂದಿಷ್ಟು ಎತ್ತಿದರೆ ಅಲ್ಲೂ ಏರುತ್ತದೆ.

ಆಕಾಶ ನೋಡಿ ಲೆಕ್ಕ ಹಾಕೋದೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಮಳೆ ಬೀಳೋದು ಭಾಗಮಂಡಲದ ಕಡೆ, ಕೊಡಗಿನಲ್ಲಿ. ಹಾರಂಗಿ, ಗೊರೂರಿನ ಹೇಮಾವತಿ ಡ್ಯಾಮುಗಳಿಂದ ಬಿಟ್ಟ ನೀರೂ ಕನ್ನಂಬಾಡಿಗೇ ಬರುತ್ತದೆ. ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ. ಅದರ ಹತ್ತಿರ ನೀರು ಬಂತು ಅಂದರೆ ಒಳಹರಿವು ನೋಡಿಕೊಂಡು ಕೆಳಗೆ ಬಿಡುತ್ತಲೇ ಇರುತ್ತಾರೆ. ಶ್ರೀರಂಗಪಟ್ಟಣದಲ್ಲಿ ಒಂದು ಹನಿ ಬೀಳದೇ ಇದ್ದರೂ ನದಿ ಏರುತ್ತದೆ. ಇದೆಲ್ಲ ಆಗಸ್ಟಿನ ಕಥೆ ಅಂತಲೂ ಅಂದುಕೊಳ್ಳಬೇಡಿ. 2025ರಲ್ಲಿ ಜೂನ್ ಮುಗಿಯುವ ಮೊದಲೇ ಕಟ್ಟೆ ತುಂಬಿ ಬಾಗಿನ ಬಿಟ್ಟಿದ್ದರು.

ಹೊರಡುವ ಮುಂಚೆ ಒಂದು ಕೆಲಸ ಮಾಡಿ. ಪೇಪರಿನಲ್ಲಿ, ಟಿವಿಯಲ್ಲಿ ಜಲಾಶಯಗಳ ನೀರಿನ ಮಟ್ಟ ಬರುತ್ತದಲ್ಲ, ಅದರಲ್ಲಿ ಕೆಆರ್‌ಎಸ್ ‘ಹೊರಹರಿವು’ ನೋಡಿ. ಎಲ್ಲರೂ ಮಟ್ಟ ನೋಡಿ ಖುಷಿಪಟ್ಟು ಬಿಡುತ್ತೇವೆ, ನದಿಗೆ ಹೋಗುವವರಿಗೆ ಬೇಕಾದ್ದು ಹೊರಹರಿವು. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. 20 ಸಾವಿರ ಕ್ಯುಸೆಕ್ ಅಂತ ಇದ್ದರೆ ಸೆಕೆಂಡಿಗೆ ಐದೂವರೆ ಲಕ್ಷ ಲೀಟರಿಗೂ ಜಾಸ್ತಿ. ಆ ಅಂಕಿಯಲ್ಲಿ ಒಂದಿಷ್ಟು ನಾಲೆಗಳಿಗೂ ಹೋಗುತ್ತದೆ ಅನ್ನೋದು ನಿಜ. ಆದರೆ ಅಂಕಿ ಹತ್ತಾರು ಸಾವಿರಕ್ಕೆ ಹೋಯಿತು ಅಂದರೆ ಹೆಚ್ಚುಪಾಲು ನದಿಗೇ ಅಂತ ತಿಳಿಯಿರಿ. ತಲಕಾಡಿಗೆ ಹೋಗುವವರು ಕಬಿನಿಯ ಹೊರಹರಿವೂ ನೋಡಬೇಕು, ಟಿ. ನರಸೀಪುರದಲ್ಲಿ ಅದೂ ಬಂದು ಸೇರುತ್ತದೆ.

ತೆಪ್ಪ ಹತ್ತದೆ ಸುಮ್ನೆ ಕಾಲು ನೆನೆಸಿಕೊಂಡು ಬರುತ್ತೇವೆ ಅನ್ನುವವರಿಗೂ ಒಂದೆರಡು ಮಾತು. ಬಲಮುರಿಯಂಥ ಕಡೆ ಅಡ್ಡಗಟ್ಟೆ ಮೇಲಿಂದ ತೆಳುವಾಗಿ ನೀರು ಹರಿಯೋದು ಫೋಟೋಗೆ ಚೆಂದ. ಆ ಕಟ್ಟೆ ತುಂಬ ಪಾಚಿ. ಕಾಲು ಜಾರಿದರೆ ಬೀಳೋದು ಕೆಳಗಿನ ಮಡುವಿಗೆ. ಮೇಲಿಂದ ಬಿದ್ದ ನೀರು ತಳಕ್ಕೆ ಹೋಗಿ, ಸುತ್ತಿ, ಮತ್ತೆ ಗೋಡೆಯ ಕಡೆಗೇ ಬರುತ್ತದೆ. ಈಜು ಬರುವವರನ್ನೂ ಅದು ಹೊರಗೆ ಬಿಡುವುದಿಲ್ಲ. ಪಶ್ಚಿಮವಾಹಿನಿ, ಸಂಗಮದ ಕಡೆ ಇನ್ನೊಂದು ಕಾಟ. ಅಸ್ಥಿ ಬಿಡೋಕೆ ಬಂದವರು ಹಳೆ ಬಟ್ಟೆ, ಮಡಕೆ ಎಲ್ಲ ನೀರಿಗೇ ಹಾಕಿ ಹೋಗುತ್ತಾರೆ. ಸೀರೆಯ ತುಂಡು ಕಾಲಿಗೆ ಸುತ್ತಿಕೊಂಡರೆ ಮೊಣಕಾಲುದ್ದ ನೀರಲ್ಲೂ ಮುಗ್ಗರಿಸುತ್ತೀರಿ. ಚಪ್ಪಲಿ ಬಿಟ್ಟು ಇಳಿದರೆ ಮಡಕೆ ಚೂರು ಗ್ಯಾರಂಟಿ. ಮರಳು ತೆಗೆದ ಗುಂಡಿಗಳಂತೂ ಮೇಲಿನಿಂದ ಕಾಣಿಸುವುದೇ ಇಲ್ಲ, ಒಂದು ಹೆಜ್ಜೆ ಮೊಣಕಾಲು, ಮುಂದಿನ ಹೆಜ್ಜೆ ಆಳ.

ನೀರು ಕಮ್ಮಿ ಇರುವ ದಿನಗಳಲ್ಲಿ ತೆಪ್ಪ ಹತ್ತುವವರೂ ಇದ್ದೀರಿ, ಎಲ್ಲ ತೆಪ್ಪದವರೂ ಮೋಸಗಾರರೇನಲ್ಲ. ದಡದಲ್ಲೇ ನಿಂತು ಕೇಳಿ: ಎಲ್ಲಿಗೆ ಹೋಗಿ ಎಲ್ಲಿಗೆ ವಾಪಸ್, ಪೂರ್ತಿ ಎಷ್ಟು ದುಡ್ಡು. ದುಡ್ಡು ಇಳಿದ ಮೇಲೆ ಕೊಡಿ. ಜಾಕೆಟ್ ಹಾಕಿ ಬಕಲ್ ಬಿಗಿದು, ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಯಿರಿ. ಗಲ್ಲದವರೆಗೆ ಬಂದರೆ ಅದು ಆ ಮಗುವಿನ ಅಳತೆ ಅಲ್ಲ. ಮಗುವಿನ ಅಳತೆಯದ್ದು ಇಲ್ಲ ಅಂದರೆ ಮಗು ಹತ್ತಬಾರದು. ತಿರುಗಿಸಬೇಡಪ್ಪ ಅಂತ ಮೊದಲೇ ಹೇಳಿ. ಹೊರಡುವಾಗ ತೆಪ್ಪದ ಫೋಟೋ, ಲೊಕೇಶನ್ ಎರಡನ್ನೂ ದಡದಲ್ಲಿ ಉಳಿದವರಿಗೆ ಕಳಿಸಿ. ನೀರಿನ ನಡುವೆ ಬೆದರಿಸಿದರೆ ವಾದಕ್ಕೆ ಇಳಿಯಬೇಡಿ, ಹೂಂ ಅಂದು ದಡ ಸೇರಿದ ಮೇಲೆ 112ಕ್ಕೆ ಫೋನ್ ಮಾಡಿ.

ದೋಣಿ ಇಲ್ಲದ ದಿನ ದೂರದಿಂದ ಬಂದವರಿಗೆ ಏನು ತೋರಿಸೋದು ಅಂತ ಕೇಳಬಹುದು. ಕರಿಘಟ್ಟಕ್ಕೆ ಹತ್ತಿ. ಬೆಟ್ಟದ ಮೇಲೆ ಶ್ರೀನಿವಾಸನ ದರ್ಶನವೂ ಆಗುತ್ತದೆ, ತುಂಬಿದ ಕಾವೇರಿ ಹೇಗೆ ಊರನ್ನು ಸುತ್ತಿದೆ ಅನ್ನೋದೂ ಕಾಣುತ್ತದೆ. ದರಿಯಾ ದೌಲತ್, ಗುಂಬಜ್ ಇದ್ದೇ ಇವೆ. ರಂಗನತಿಟ್ಟು ತೆರೆದಿದ್ದರೆ ದೋಣಿ ಇಲ್ಲದೆಯೂ ದಡದಲ್ಲೇ ನಡೆದುಕೊಂಡು ಹಕ್ಕಿ ನೋಡಬಹುದು, ಒಂದು ಬೈನಾಕ್ಯುಲರ್ ಇದ್ದರೆ ಚೆನ್ನ.  ಅಷ್ಟಕ್ಕೂ ಬಣ್ಣದ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿ ಇವೆಲ್ಲ ಗೂಡು ಕಟ್ಟಿ ಮರಿ ಮಾಡೋದು ಹೆಚ್ಚಾಗಿ ನದಿ ಇಳಿದಿರುವ ತಿಂಗಳುಗಳಲ್ಲಿ. ದೋಣಿಯಲ್ಲಿ ಕೂತು ಮರಿಗಳನ್ನು ನೋಡಬೇಕು ಅಂತಿದ್ದರೆ ಫೆಬ್ರವರಿ, ಮಾರ್ಚಿನಲ್ಲಿ ಬನ್ನಿ, ಬೆಳಗ್ಗೆ ಬೇಗ, ಆದಷ್ಟು ಭಾನುವಾರ ಬಿಟ್ಟು.