ಎಂಟು ಮನೆಯ ವರ್ಷಚಕ್ರ: ಗೋಡೆಗೆ ಚೆಂದ, ಸಾಕ್ಷಿಗೆ ಸಾಲದು

ಪೇಗನ್, ಅಂದರೆ ಕ್ರೈಸ್ತಧರ್ಮಕ್ಕಿಂತ ಹಿಂದಿನ ಯುರೋಪಿನವು ಎನ್ನಲಾಗುವ ಹಬ್ಬಗಳ 'ವರ್ಷಚಕ್ರ' ಎಂಬ ಗೋಡೆಪಟ ಆನ್‌ಲೈನ್‌ನಲ್ಲಿ ಬೇರೆ ಬೇರೆ ವಿನ್ಯಾಸಗಳಲ್ಲಿ ಸಿಗುತ್ತದೆ. ಒಂದು ವೃತ್ತ, ಅದರೊಳಗೆ ಎಂಟು ಮನೆ: ಸಾವಿನ್, ಯೂಲ್, ಇಂಬೋಲ್ಕ್, ಒಸ್ಟಾರಾ, ಬೆಲ್ಟೇನ್, ಲಿಥಾ, ಲೂನಸಾ, ಮೇಬನ್. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಚರ್ಚಿನ ಹಬ್ಬಗಳು: ಯೂಲ್ ಎದುರು ಕ್ರಿಸ್‌ಮಸ್, ಒಸ್ಟಾರಾ ಎದುರು ಈಸ್ಟರ್, ಸಾವಿನ್ ಎದುರು ಹ್ಯಾಲೋವೀನ್. ಕೆಲವು ಪಟಗಳ ಅಡಿಯಲ್ಲಿ ಇವೆಲ್ಲ ಅನಾದಿ ಕಾಲದ ಹಬ್ಬಗಳು, ಚರ್ಚು ಹೆಸರು ಬದಲಿಸಿ ತನ್ನದಾಗಿಸಿಕೊಂಡಿತು ಎಂಬ ಟಿಪ್ಪಣಿಯೂ ಇರುತ್ತದೆ. ಅಲಂಕಾರಕ್ಕೆ ಕೊಳ್ಳುವುದಾದರೆ ತಕರಾರಿಲ್ಲ. ಆದರೆ ಹಬ್ಬಗಳ ಮೂಲದ ಜಗಳದಲ್ಲಿ ಇದನ್ನೇ ದಾಖಲೆ ಎಂದು ಮುಂದಿಡುವವರಿದ್ದಾರೆ. ಆ ಕೆಲಸಕ್ಕೆ ಇದು ಎಷ್ಟು ಬರುತ್ತದೆ ಎಂದು ಒರೆಗೆ ಹಚ್ಚಬೇಕಿದೆ.

ಮೊದಲು ಚಕ್ರದ ವಯಸ್ಸು. ಈ ಎಂಟನ್ನೂ ಒಟ್ಟಿಗೆ ಆಚರಿಸಿದ ಪ್ರಾಚೀನ ಜನರು ಯಾವ ದಾಖಲೆಯಲ್ಲೂ ಇಲ್ಲ. ಸಾವಿನ್ (ನಮ್ಮ ಸಾವಿಗೂ ಇದಕ್ಕೂ ನಂಟಿಲ್ಲ), ಇಂಬೋಲ್ಕ್, ಬೆಲ್ಟೇನ್, ಲೂನಸಾ ಈ ನಾಲ್ಕು ಮಧ್ಯಯುಗದ ಐರಿಶ್ ಬರಹಗಳಲ್ಲಿವೆ. ಉಳಿದ ನಾಲ್ಕು ಸೂರ್ಯನ ಲೆಕ್ಕದವು. ಎರಡನ್ನೂ ಬೆಸೆದು ಎಂಟು ಮಾಡಿದ್ದು 1950ರ ದಶಕದ ಇಂಗ್ಲೆಂಡ್, ವಿಕ್ಕಾ ಎಂಬ ಆಧುನಿಕ ಪೇಗನ್ ಪಂಥದ ಜೆರಾಲ್ಡ್ ಗಾರ್ಡ್ನರ್ ಮತ್ತು ಪ್ರಾಚೀನ ಕೆಲ್ಟ್ ಪುರೋಹಿತರ ಹೆಸರಿಟ್ಟುಕೊಂಡ ಡ್ರೂಯಿಡ್ ಗುಂಪಿನ ರಾಸ್ ನಿಕೋಲ್ಸ್ ಅವರ ಬಳಗ. ಒಸ್ಟಾರಾ, ಲಿಥಾ, ಮೇಬನ್ ಎಂಬ ಹೆಸರುಗಳನ್ನು ಚಕ್ರಕ್ಕೆ ಅಂಟಿಸಿದವರು ಅಮೆರಿಕದ ಏಡನ್ ಕೆಲಿ, 1974ರಲ್ಲಿ. ಮೇಬನ್ ವೇಲ್ಸಿನ ಕಥೆಯೊಂದರ ಪಾತ್ರ. ಹಗಲು ರಾತ್ರಿ ಸಮವಾಗುವ ಸೆಪ್ಟೆಂಬರಿನ ದಿನಕ್ಕೂ ಆ ಕಥೆಗೂ ಸಂಬಂಧವೇ ಇಲ್ಲ.

ನಕ್ಷೆಯಲ್ಲೂ ದೋಷವಿದೆ. ಎಂಟು ಮನೆಗಳನ್ನೂ ತಲಾ 45 ಡಿಗ್ರಿಗೆ ಕತ್ತರಿಸಿರುತ್ತಾರೆ. ದಿನ ಎಣಿಸಿದರೆ ಲೂನಸಾದ ಆಗಸ್ಟ್ 1ರಿಂದ ಮೇಬನ್‌ನ ಸೆಪ್ಟೆಂಬರ್ 22ಕ್ಕೆ 52 ದಿನ, ಅಲ್ಲಿಂದ ಸಾವಿನ್‌ನ ಅಕ್ಟೋಬರ್ 31ಕ್ಕೆ ಬರೀ 39. ಎರಡು ಬೇರೆ ಪಂಚಾಂಗಗಳನ್ನು ಒಂದೇ ಚಕ್ರಕ್ಕೆ ತುರುಕಿದ ಗುರುತು ಇದು.

ಕ್ರಿಸ್‌ಮಸ್ ಮನೆಗೆ ಬರೋಣ, ಜಗಳ ಹೆಚ್ಚಿರುವುದು ಇಲ್ಲೇ. ಡಿಸೆಂಬರ್ 25ಕ್ಕೆ ಸಿಗುವ ಹಳೆಯ ರೋಮನ್ ಸಾಕ್ಷಿ ಕ್ರಿ.ಶ. 354ರ ಒಂದು ಸಂಕಲನ. ಅದರ ಹುತಾತ್ಮರ ಪಟ್ಟಿ 336ರ ಸುಮಾರಿನದು, ಕ್ರಿಸ್ತ ಹುಟ್ಟಿದ್ದು ಆ ದಿನ ಎನ್ನುತ್ತದೆ. ಅದೇ ಸಂಕಲನದ ಇನ್ನೊಂದು ಹಾಳೆಯಲ್ಲಿ ಅದೇ ತಾರೀಖಿಗೆ 'ಅಜೇಯ'ನ ಜನ್ಮದಿನ, 30 ರಥದ ಓಟ ಎಂದಿದೆ. ಅಜೇಯ ಎಂದರೆ ಸೂರ್ಯದೇವ ಎಂದೇ ಸಾಮಾನ್ಯ ಓದು. ಎರಡೂ ಒಂದೇ ಕಟ್ಟಿನಲ್ಲಿವೆ, ಹಾಗಾಗಿ ಯಾರದ್ದನ್ನು ಯಾರು ತೆಗೆದುಕೊಂಡರೆಂದು ಅದರಿಂದ ತೀರ್ಮಾನಿಸಲಾಗದು. ಚಕ್ರವರ್ತಿ ಆರೇಲಿಯನ್ 274ರಲ್ಲಿ ಸೂರ್ಯನಿಗೆ ಗುಡಿ ಕಟ್ಟಿಸಿದ್ದು ನಿಜ. ಆದರೆ ಡಿಸೆಂಬರ್ 25ರ ಹಬ್ಬವನ್ನು ಅವನೇ ಆರಂಭಿಸಿದ ಎನ್ನುವುದು ಊಹೆ. ತಾರೀಖು ಚರ್ಚಿನ ಸ್ವಂತ ಲೆಕ್ಕ ಎನ್ನುವ ಎದುರು ಪಕ್ಷದ ವಾದವೂ ಗಟ್ಟಿ: ಕ್ರಿಸ್ತ ಗರ್ಭಸ್ಥನಾದದ್ದೂ ಮಡಿದದ್ದೂ ಮಾರ್ಚ್ 25 ಎಂಬ ನಂಬಿಕೆಯಿತ್ತು, ಅದಕ್ಕೆ ಒಂಬತ್ತು ತಿಂಗಳು ಕೂಡಿಸಿದರೆ ಡಿಸೆಂಬರ್ 25. ಈ ಲೆಕ್ಕವನ್ನು ಸಂತ ಆಗಸ್ಟೀನ್ ಬರೆದಿಟ್ಟಿದ್ದಾನೆ. ಸ್ಯಾಟರ್ನೇಲಿಯಾ ಎಂಬ ರೋಮನ್ ಹಬ್ಬವನ್ನು ಮೂಲ ಎನ್ನುವ ಪಟಗಳನ್ನು ಬಿಟ್ಟುಬಿಡಿ. ಅದು ಡಿಸೆಂಬರ್ 17ಕ್ಕೆ ಶುರುವಾಗಿ 23ರೊಳಗೆ ಮುಗಿಯುತ್ತಿತ್ತು.

ಹಾಗಾದರೆ ಯೂಲ್ ಸುಳ್ಳೇ? ಅಲ್ಲ. ಉತ್ತರ ಯುರೋಪಿನ ನಿಜವಾದ ಚಳಿಗಾಲದ ಹಬ್ಬ ಅದು; ನಾರ್ವೆಯ ದೊರೆ ಹೋಕನ್ ಅದನ್ನು ಕ್ರಿಸ್‌ಮಸ್ ದಿನಕ್ಕೇ ಸರಿಸಿದನೆಂದು ಐಸ್‌ಲ್ಯಾಂಡಿನ ರಾಜಚರಿತೆ ಹೇಳುತ್ತದೆ. ಅಂದರೆ ತಾರೀಖು ಹರಿದದ್ದು ಚರ್ಚಿನಿಂದ ಯೂಲ್ ಕಡೆಗೆ. ಪಟ ಹೇಳುವ ದಿಕ್ಕು ತಿರುಗುಮುರುಗು. ಸಿಂಗರಿಸಿದ ಕ್ರಿಸ್‌ಮಸ್ ಮರದ ಪ್ರಸಿದ್ಧ ವಿವರಣೆ ಸ್ಟ್ರಾಸ್‌ಬರ್ಗ್‌ನದು, 1605ರದು: ಕಾಗದದ ಗುಲಾಬಿ, ಸೇಬು, ಸಕ್ಕರೆ. ಡ್ರೂಯಿಡರು ಅಲ್ಲೆಲ್ಲೂ ಇಲ್ಲ.

ಈಸ್ಟರ್ ಮನೆ ಇನ್ನೂ ಸೊರಗಿದೆ. ಈಸ್ಟರ್ ಎಂಬ ಹೆಸರಿಗೆ ಮೂಲ ಎನ್ನಲಾಗುವ ಈಯೋಸ್ಟ್ರೆ ಎಂಬ ದೇವಿಯ ಹೆಸರನ್ನು ಹೇಳುವವನು ಒಬ್ಬನೇ, 725ರಲ್ಲಿ ಬರೆದ ಇಂಗ್ಲೆಂಡಿನ ಸನ್ಯಾಸಿ ಬೀಡ್, ಅದೂ ತಿಂಗಳ ಹೆಸರು ವಿವರಿಸುವಾಗ. ಮೊಲ, ಮೊಟ್ಟೆ ಯಾವುದನ್ನೂ ಅವನು ಹೇಳಿಲ್ಲ. ಜರ್ಮನಿಯ 'ಒಸ್ಟಾರಾ' ದೇವಿ 1835ರಲ್ಲಿ ಯಾಕೋಬ್ ಗ್ರಿಮ್ ಪದಗಳ ಸಾಮ್ಯದಿಂದ ಕಟ್ಟಿದ ಊಹೆ. ಹೆಚ್ಚಿನ ಯುರೋಪಿನ ಭಾಷೆಗಳಲ್ಲಿ ಹಬ್ಬದ ಹೆಸರು ಬಂದದ್ದು ಯಹೂದಿಗಳ ಪೆಸಾಹ್ ಹಬ್ಬದಿಂದ. ಬ್ಯಾಬಿಲೋನಿನ ದೇವಿ ಇಶ್ತಾರಿನಿಂದ ಈಸ್ಟರ್ ಬಂತೆನ್ನುವುದು ಉಚ್ಚಾರದ ಆಟ, ಅಷ್ಟೇ. ಮೊಟ್ಟೆಯ ಕಾರಣ ಅಡುಗೆಮನೆಯದು: ಹಿಂದೆ ಲೆಂಟ್‌ನ, ಅಂದರೆ ಈಸ್ಟರಿಗೆ ಮುಂಚಿನ ವಾರಗಳ ಉಪವಾಸದಲ್ಲಿ ಮೊಟ್ಟೆ ನಿಷಿದ್ಧವಾಗಿತ್ತು, ಕೋಳಿ ಇಡುವುದನ್ನೇನೂ ನಿಲ್ಲಿಸದು, ಹಬ್ಬದ ಹೊತ್ತಿಗೆ ರಾಶಿ ಬೀಳುತ್ತಿತ್ತು. ಮೊಟ್ಟೆ ತರುವ ಮೊಲ 1682ರ ಜರ್ಮನಿಯ ಬರಹವೊಂದರಲ್ಲಿ ಕಾಣಿಸಿಕೊಳ್ಳುತ್ತದೆ.

ತಾರೀಖಿನ ವಿಚಾರದಲ್ಲೂ ಪಟ ಎಡವುತ್ತದೆ. ಒಸ್ಟಾರಾಕ್ಕೆ ಮಾರ್ಚ್ 20 ಅಥವಾ 21 ಎಂದು ಅಚ್ಚು ಹಾಕಿ ಈಸ್ಟರನ್ನು ಅಲ್ಲೇ ಕೂರಿಸಿರುತ್ತಾರೆ. ಪಶ್ಚಿಮದ ಚರ್ಚಿನ ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಎಲ್ಲಿ ಬೇಕಾದರೂ ಬೀಳಬಹುದು. ನಿಯಮ: ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯಾದ ಮೇಲಿನ ಭಾನುವಾರ. ಆ ಹುಣ್ಣಿಮೆ ಚರ್ಚಿನ ಕೋಷ್ಟಕದ್ದು, ಆಕಾಶದ್ದಲ್ಲ. 2019ರಲ್ಲಿ ಗ್ರೀನಿಚ್ ಸಮಯದಂತೆ ಮಾರ್ಚ್ 20ಕ್ಕೆ ಹಗಲು ರಾತ್ರಿ ಸಮವಾಗಿ, 21ಕ್ಕೆ ಹುಣ್ಣಿಮೆ ಬಂದಿತ್ತು. ಆಕಾಶ ನೋಡಿದ್ದರೆ 24ಕ್ಕೇ ಈಸ್ಟರ್. ಕೋಷ್ಟಕ ಏಪ್ರಿಲ್ 21 ಕೊಟ್ಟಿತು.

ಹ್ಯಾಲೋವೀನಿಗೆ ಪಟ ಅರ್ಧ ಗೆಲ್ಲುತ್ತದೆ. ಸಾವಿನ್ ನಿಜ, ಆ ರಾತ್ರಿ ದಿಬ್ಬಗಳು ತೆರೆದು ಆಚೆ ಲೋಕದವರು ಬರುವ ಐರಿಶ್ ಕಥೆಗಳಿವೆ. ಆದರೆ ಪೋಪ್ ಅದನ್ನು ಮುಚ್ಚಲೆಂದೇ ಸಕಲ ಸಂತರ ದಿನವನ್ನು (ಹ್ಯಾಲೋವೀನ್ ಇದರ ಮುನ್ನಾದಿನ) ನವೆಂಬರ್ 1ಕ್ಕೆ ತಂದ ಎಂಬ ಮಾತು ನಿಲ್ಲುವುದಿಲ್ಲ. ಸುಮಾರು 800ರಲ್ಲಿ ನವೆಂಬರ್ 1 ಹಿಡಿದದ್ದು ಜರ್ಮನಿ ಮತ್ತು ಉತ್ತರ ಇಂಗ್ಲೆಂಡ್. ಆಗ ಸಾವಿನ್‌ನ ತವರು ಐರ್ಲೆಂಡ್ ಸಂತರ ದಿನವನ್ನು ಏಪ್ರಿಲ್ 20ಕ್ಕೆ ಆಚರಿಸುತ್ತಿತ್ತು.

ಇಂಬೋಲ್ಕ್ ಎದುರಿನ ಕ್ಯಾಂಡಲ್‌ಮಸ್, ಅಂದರೆ ಶಿಶು ಕ್ರಿಸ್ತನನ್ನು ನಲವತ್ತನೇ ದಿನ ದೇವಾಲಯಕ್ಕೆ ಒಯ್ದ ನೆನಪಿನ ಹಬ್ಬ, ಬರೀ ಎಣಿಕೆ. ಡಿಸೆಂಬರ್ 25ನ್ನೂ ಸೇರಿಸಿ 40 ಎಣಿಸಿದರೆ ಫೆಬ್ರವರಿ 2. ನಾಲ್ಕನೇ ಶತಮಾನದ ಜೆರೂಸಲೇಮಿನಲ್ಲಿ ಕ್ರಿಸ್ತಜನನವನ್ನು ಜನವರಿ 6ಕ್ಕೆ ಆಚರಿಸುತ್ತಿದ್ದಾಗ ಈ ಹಬ್ಬವೂ ಫೆಬ್ರವರಿ 14ರಲ್ಲಿತ್ತು. ಬೆಲ್ಟೇನ್ ಬಗ್ಗೆ ತಕರಾರಿಲ್ಲ: ಎರಡು ಬೆಂಕಿಗಳ ನಡುವೆ ದನ ಹಾಯಿಸುವುದು ಹಳೆಯ ಐರಿಶ್ ನಿಘಂಟಿನಲ್ಲೇ ಇದೆ.

ಈಗಾಗಲೇ ಕೊಂಡಿದ್ದರೆ ಮೂರು ಬಣ್ಣದಲ್ಲಿ ತಿದ್ದಿಕೊಳ್ಳಿ. ಹಳೆಯ ಸಾಕ್ಷಿಯಿರುವ ಸಾವಿನ್, ಇಂಬೋಲ್ಕ್, ಬೆಲ್ಟೇನ್, ಲೂನಸಾಗಳಿಗೆ ಹಸಿರು. ಯೂಲ್‌ಗೂ ಹಸಿರೇ, ತಾರೀಖು ಬಿಟ್ಟು. ಚರ್ಚಿನ ಲೆಕ್ಕದಿಂದ ಬಂದ ದಿನಗಳಿಗೆ ಕೆಂಪು. ಕ್ರಿಸ್ತನಿಗಿಂತ ಆರು ತಿಂಗಳು ಹಿರಿಯ ಎಂಬ ಲೂಕನ ಸುವಾರ್ತೆಯ ಲೆಕ್ಕ ಹಿಡಿದು ಜೂನ್ 24ಕ್ಕೆ, ಲಿಥಾದ ಹೊತ್ತಿಗೆ, ಕೂತ ಸ್ನಾನಿಕ ಯೋಹಾನನ ಹಬ್ಬವೂ ಇದರಲ್ಲಿ. ಈಚೆಗೆ ಅಂಟಿಸಿದ ಹೆಸರುಗಳಾದ ಒಸ್ಟಾರಾ, ಲಿಥಾ, ಮೇಬನ್‌ಗಳಿಗೆ ನೀಲಿ. ಲ್ಯಾಮಿನೇಟ್ ಮಾಡಿದ ಪಟದ ಮೇಲೆ ಪೆನ್ಸಿಲ್ ಹಿಡಿಯದು, ಸಣ್ಣ ತುದಿಯ ಮಾರ್ಕರ್ ಬೇಕು. ಹೊಳಪಿಲ್ಲದ ಕಾಗದಕ್ಕೆ ಬಣ್ಣದ ಪೆನ್ಸಿಲ್ ಸಾಕು.

ಹೊಸದಾಗಿ ಕೊಳ್ಳುವವರು ಎರಡು ನೋಡಿಕೊಳ್ಳಿ. ಸೂರ್ಯನ ನಾಲ್ಕು ಮನೆಗಳಲ್ಲಿ ಒಂದೇ ತಾರೀಖಿನ ಬದಲು '20–23' ಎಂಬಂಥ ಅಂತರ ಅಚ್ಚಾಗಿರಬೇಕು, ಏಕೆಂದರೆ ಆ ದಿನ ವರ್ಷಕ್ಕೂ ದೇಶದ ಗಡಿಯಾರಕ್ಕೂ ತಕ್ಕಂತೆ ಸರಿಯುತ್ತದೆ. ದಕ್ಷಿಣಾರ್ಧಗೋಳದವರು ತಮ್ಮ ಋತುವಿಗೆ ತಿರುಗಿಸಿದ ಪಟವನ್ನೇ ಕೇಳಿ. ಅದರಲ್ಲಿ ಯೂಲ್ ಜೂನ್‌ಗೆ ಬರುತ್ತದೆ, ಕ್ರಿಸ್‌ಮಸ್ ಮಾತ್ರ ಡಿಸೆಂಬರಿನಲ್ಲೇ ಲಿಥಾದ ಪಕ್ಕ ಕೂತಿರುತ್ತದೆ.