ಏಳು ತಿಂಗಳು ಕಾದು ತಗೊಂಡ ಊರುಗೋಲು: ಚಿತ್ರದುರ್ಗದ ಬೋರ್ಡಿಲ್ಲದ ಶೆಡ್ಡಿನ ಬಗ್ಗೆ

ಮೊದಲು ಹಳೇ ಕಥೆ ಹೇಳ್ಬಿಡ್ತೀನಿ. ಅಪ್ಪಾಜಿಗೆ ಎಡಗಾಲಿನ ಮಂಡಿ ಸವೆದಿದೆ ಅಂತ ಡಾಕ್ಟರ್ ಹೇಳಿದ್ಮೇಲೆ ದಾವಣಗೆರೆಯಲ್ಲೇ ಒಂದು ಅಂಗಡೀಲಿ, ಹೆಸರು ಬೇಡ ಬಿಡಿ, 350 ರೂಪಾಯಿ ಕೊಟ್ಟು ಒಂದು ಊರುಗೋಲು ತಂದಿದ್ದೆ. ಏನು ಮಿಂಚು ಅಂತೀರ, ವಾರ್ನಿಶ್ ಬಳಿದು ಹಿತ್ತಾಳೆ ಬಳೆ ಹಾಕಿ ಮದುವೆ ಗಂಡಿನ ಥರ ರೆಡಿ ಮಾಡಿದ್ರು. ಡಿಸೆಂಬರ್‌ನಲ್ಲಿ ತಂದಿದ್ದು, ಶಿವರಾತ್ರಿ ಹೊತ್ತಿಗೆ ಆ ಬಳೆ ಗಿರಗಿರ ತಿರುಗ್ತಿತ್ತು, ಹಿಡಿಕೆ ಲೊಡಲೊಡ, ಕೋಲಿನ ಉದ್ದಕ್ಕೂ ಉಗುರು ಹೋಗುವಷ್ಟು ಸೀಳು. ಒಂದಿನ ಬಚ್ಚಲ ಬಾಗಿಲಲ್ಲಿ ಹಿಡಿಕೆ ಪೂರ್ತಿ ಕೈಗೆ ಬಂತು, ಪುಣ್ಯಕ್ಕೆ ಗೋಡೆ ಸಿಕ್ತು ಅವ್ರಿಗೆ. ಕೇಳೋಕೆ ಹೋದ್ರೆ "ಬಿಸಿಲಿಗೆ ತಗೊಂಡೋಗಿರ್ತೀರ ಸಾರ್" ಅಂದ. ಊರುಗೋಲನ್ನ ಬಿಸಿಲಿಗೆ ತಗೊಂಡೋಗದೆ ಫ್ರಿಜ್ಜಲ್ಲಿ ಇಡೋಕಾಗುತ್ತಾ?

ಆಮೇಲೆ ನಮ್ಮ ಮಾವನ ಕಡೆಯೋರು ಒಬ್ರು ಹೇಳಿದ್ರು, ದುರ್ಗದಲ್ಲಿ ಒಬ್ಬರು ವಯಸ್ಸಾದ ಆಚಾರ್ರು ಇದಾರೆ, ಕೋಲು ಬಿಟ್ಟು ಬೇರೇನೂ ಮಾಡಲ್ಲ, ಹೋಗಿ ನೋಡಿ ಅಂತ. ಯುಗಾದಿ ಕಳೆದು ಬರೋ ಭಾನುವಾರ ಅಪ್ಪಾಜೀನ ಕೂರಿಸ್ಕೊಂಡು ಹೈವೇಲಿ 60 ಕಿಲೋಮೀಟರ್ ಹೋದ್ವಿ. ಜೋಗಿಮಟ್ಟಿ ಕಡೆ ಹೋಗೋ ದಾರೀಲಿ ಒಳಗೆ ತಿರುಗಿದ್ರೆ ಒಂದು ಶೀಟಿನ ಶೆಡ್ಡು, ಬೋರ್ಡಿಲ್ಲ, ಗೇಟಿಲ್ಲ, ಒಂದು ಹುಣಸೆಮರ ಮತ್ತೆ ಒಂದು ನಾಯಿ ಅಷ್ಟೆ.

ಒಳಗೆ ನೋಡಿದ್ರೆ ಗೋಡೆಗೆ ಒಂದ್ ಇನ್ನೂರು ಕೋಲು, ಅಡ್ಡಡ್ಡ ಮಲಗಿಸಿ, ಒಂದಕ್ಕೊಂದು ತಾಗದ ಹಾಗೆ ಮಧ್ಯೆ ಬಿದಿರಿನ ಸೀಳು ಕೊಟ್ಟು ಜೋಡಿಸಿದ್ರು. ಒಂದನ್ನೂ ಕೆತ್ತಿಲ್ಲ, ಎಲ್ಲಾ ತೊಗಟೆ ಸಮೇತ. ಪ್ರತಿ ಕೋಲಲ್ಲೂ ಒಂದು ಕಡೆ ಮೂರು ಬೆರಳಷ್ಟು ತೊಗಟೆ ಕೆರೆದು ಅಲ್ಲಿ ಪೆನ್ಸಿಲಲ್ಲಿ ಏನೋ ಲೆಕ್ಕ. ನಾನು ರೇಟು ಅನ್ಕೊಂಡೆ. ಅಲ್ಲ, ತೂಕ! ಅಪ್ಪಾಜಿ ಕೈಗೆತ್ಕೊಂಡ ಕರಿಜಾಲಿ ಕೋಲಿನ ಮೇಲೆ ಹೀಗಿತ್ತು: ಕಾರ್ತಿಕ 612, ಅದರ ಕೆಳಗೆ 560, 518, 489. ಎಲ್ಲಾ ಗ್ರಾಂ ಲೆಕ್ಕ. ತರಕಾರಿ ಅಂಗಡೀಲಿ ಇರೋ ಥರದ್ದೇ ಎಲೆಕ್ಟ್ರಾನಿಕ್ ತಕ್ಕಡಿ ಒಂದು ಮೂಲೇಲಿದೆ, ತಿಂಗಳಿಗೊಂದ್ಸಲ ಎಲ್ಲಾ ಕೋಲೂ ಅದರ ಮೇಲೆ ಹತ್ತಿ ಇಳೀಬೇಕು.

ನಾನು ಇದೇ ಕೊಡಿ ಅಂದೆ. ಆಚಾರ್ರು ಕೋಲನ್ನ ಅಪ್ಪಾಜಿ ಕೈಯಿಂದ ನಿಧಾನಕ್ಕೆ ಇಸ್ಕೊಂಡು ವಾಪಸ್ ಇಟ್ರು. "ಇದು ಇನ್ನಾ ನೀರು ಬಿಡ್ತಾ ಐತೆ ಯಜಮಾನ್ರೇ. ತೂಕ ನಿಂತ ಮ್ಯಾಲೆ ಬರ್ರಿ, ದೀಪಾವಳಿ ಆಗ್ಲಿ." ಏಪ್ರಿಲ್‌ನಲ್ಲಿ ನಿಂತ್ಕೊಂಡು ದೀಪಾವಳಿ ಅಂತಾರೆ! ನಂಗೆ ಸಿಟ್ಟು ಬಂತು, ನಿಜ ಹೇಳ್ತೀನಿ. ಪೆಟ್ರೋಲ್ ಹಾಕಿಸ್ಕೊಂಡು ಬಂದಿದೀವಿ, ದುಡ್ಡು ಕೈಯಲ್ಲಿದೆ, ಕೋಲು ಎದುರಿಗಿದೆ, ಆದ್ರೂ ಕೊಡಲ್ಲ ಅಂದ್ರೆ ಏನು.

ನಾನು ಮುರಿದ ಹಳೇ ಕೋಲನ್ನೂ ಕಾರಲ್ಲಿ ಹಾಕ್ಕೊಂಡು ಹೋಗಿದ್ದೆ, ಅದನ್ನ ತೋರಿಸಿದ್ಮೇಲೆ ಅವ್ರು ಮಾತಿಗೆ ಸಿಕ್ರು. ಆ ಬಳೆ ಯಾಕೆ ಸಡಿಲ ಆಯ್ತು ಅಂದ್ರೆ ಹಸಿ ಮರಕ್ಕೆ ಬಿಗಿಯಾಗಿ ಕೂರಿಸಿದಾರೆ, ಮರ ಒಣಗಿ ಕುಗ್ತು, ಹಿತ್ತಾಳೆ ಕುಗ್ಗುತ್ತಾ? ಹಿಡಿಕೆದೂ ಅದೇ ಕಥೆ. ಸೀಳು ಬಿಟ್ಟಿದ್ದು ಇನ್ನೊಂದು ಲೆಕ್ಕ. ಮರ ಎಲ್ಲಾ ಕಡೆ ಒಂದೇ ಸಮ ಕುಗ್ಗಲ್ಲ, ತಿರುಳಿಂದ ತೊಗಟೆ ಕಡೆಗೆ ಎಷ್ಟು ಕುಗ್ಗುತ್ತೋ ಸುತ್ತಳತೇಲಿ ಹೆಚ್ಚುಕಡಿಮೆ ಅದರ ಎರಡರಷ್ಟು ಕುಗ್ಗುತ್ತೆ, ದುಂಡಗಿನ ಕೋಲಲ್ಲಿ ತಿರುಳು ನಡುವೆ ಇರೋದ್ರಿಂದ ಹೊರಗಿನ ಸುತ್ತು ಎಳೆದು ಎಳೆದು ಕೊನೆಗೆ ಒಂದು ಕಡೆ ಬಾಯಿ ಬಿಡುತ್ತೆ. ಅವಸರ ಮಾಡಿ ಬಿಸಿಲಲ್ಲಿ ಒಣಗಿಸಿದ್ರೆ ಇನ್ನೂ ಜಾಸ್ತಿ, ಮೇಲ್ಗಡೆ ಒಣಗಿ ಬಿಗಿದಿರುತ್ತೆ, ಒಳಗಡೆ ಇನ್ನೂ ಹಸಿ. ಅದಕ್ಕೇ ತೊಗಟೆ ತೆಗೆಯಲ್ಲ, ನೆರಳಲ್ಲೇ ಇಡ್ತಾರೆ. ದುರ್ಗದ ಗಾಳಿ ಗೊತ್ತಲ್ಲ, ಸುತ್ತ ಗುಡ್ಡದ ಮೇಲೆಲ್ಲಾ ಫ್ಯಾನು ನೆಟ್ಟಿರೋದು ಸುಮ್ನೆ ಅಲ್ಲ, ಬೇಸಿಗೇಲಿ ಆ ಒಣಗಾಳಿ ಒಳಗೆ ನುಗ್ಗಬಾರ್ದು ಅಂತ ಪಶ್ಚಿಮದ ಕಡೆ ಗೋಣಿಚೀಲ ಕಟ್ಟಿದ್ರು. ಕಡಿದ ಎರಡು ತುದೀಲೂ ಮಾತ್ರ ಒಂಥರಾ ದಪ್ಪ ಹಸಿರು ಬಣ್ಣ. ನೀರು ಪಕ್ಕದಿಂದ ಹೋಗೋದಕ್ಕಿಂತ ತುದಿಯಿಂದ ಎಷ್ಟೋ ಪಟ್ಟು ಬೇಗ ಹೋಗುತ್ತಂತೆ, ತುದಿ ಮೊದಲು ಒಣಗಿ ನಕ್ಷತ್ರದ ಥರ ಬಿರುಕು ಬಿಡುತ್ತೆ, ಅದಕ್ಕೆ ಕಡಿದ ದಿನವೇ ಮೇಣನೋ ಉಳಿದ ಆಯಿಲ್ ಪೇಂಟೋ ಬಳಿದುಬಿಡೋದು. ಅವರ ಅಪ್ಪನ ಕಾಲದಲ್ಲಿ ಸಗಣಿ ಮೆತ್ತೋರಂತೆ. ಅಷ್ಟಾದ್ರೂ ಬಿರುಕು ಬಂದ್ರೆ ಅಂತ ಎರಡೂ ಕಡೆ ಒಂದೊಂದು ಗೇಣು ಉದ್ದ ಜಾಸ್ತಿ ಬಿಟ್ಟೇ ಕಡಿಯೋದು.

ಅಂದಾಜು ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನೋದು ಹಳೇ ಲೆಕ್ಕ, ಬೇವು ಬೇಗ ಆಗುತ್ತೆ, ಜಾಲಿ ಹಠಮಾರಿ. ಆದ್ರೆ ಅವ್ರು ವರ್ಷ ನಂಬಲ್ಲ, ತಕ್ಕಡಿ ನಂಬ್ತಾರೆ. ಎರಡು ಮೂರು ತಿಂಗಳು ತೂಕ ಅಲ್ಲಲ್ಲೇ ಇದ್ರೆ ಮಾತ್ರ ಕೆಳಗಿಳಿಸೋದು. ಅಪ್ಪಾಜಿ ಕಾಟನ್ ಮಿಲ್ಲಲ್ಲಿ ಸರ್ವೀಸ್ ಮಾಡಿದೋರು, ಅವ್ರಿಗೆ ಇದು ತಟ್ಟಂತ ಹತ್ತಿಬಿಡ್ತು, "ನೂಲೂ ಹಿಂಗೇ ಕಣ್ರೀ, ಹವಾ ಒಣಗಿದ್ರೆ ಪಟಪಟ ಕಡೀತಿತ್ತು, ಅದಕ್ಕೇ ನಮ್ ಡಿಪಾರ್ಟ್‌ಮೆಂಟಲ್ಲಿ ನೀರು ಸಿಡಿಸ್ತಾ ಇರೋರು" ಅಂತ ಶುರು ಮಾಡಿದ್ರು ನೋಡಿ, ಒಂದು ಗಂಟೆ ಇಬ್ರೂ ಎದ್ದೇಳ್ಲಿಲ್ಲ. ನಾನು ನಾಯಿ ಜೊತೆ ಕೂತಿದ್ದೆ.

ಬರೀಗೈಲಿ ಕಳಿಸ್ಲಿಲ್ಲ ಅನ್ನೋದನ್ನೂ ಹೇಳ್ಬೇಕು. ಒಂದು ಗಂಡುಬಿದಿರಿನ ಕೋಲು ಕೊಟ್ಟು ಅಲ್ಲೀತನಕ ಇದನ್ನ ಹಿಡ್ಕಂಡಿರ್ರಿ ಅಂದ್ರು, 100 ರೂಪಾಯಿ ಅಡ್ವಾನ್ಸ್ ಅಷ್ಟೆ. ಗಂಡುಬಿದಿರು ಬುಡದ ಕಡೆ ಒಳಗೆ ಟೊಳ್ಳು ಇರಲ್ಲ ಅಥವಾ ಇದ್ರೂ ಸಣ್ಣಕ್ಕೆ, ಹಗುರಾನೂ ಹೌದು. ಬಿದಿರಿಗೆ ಕುಟ್ಟೆಹುಳದ ಕಾಟ, ಒಳಗಿರೋ ಗಂಜಿ ಅಂಶ ತಿನ್ನೋಕೆ ಬರುತ್ತೆ, ಗೋಧಿಹಿಟ್ಟಿನ ಥರ ಪುಡಿ ಉದುರುತ್ತಲ್ಲ ಅದು. ಅದಕ್ಕೆ ಕಡಿದ ಮೇಲೆ ಕೆಲವು ವಾರ ನೀರಲ್ಲಿ ಮುಳುಗಿಸಿಟ್ಟು ಆಮೇಲೆ ಒಣಗಿಸ್ತಾರೆ, ತೊಟ್ಟಿ ಹತ್ರ ಹೋದ್ರೆ ವಾಸನೆ ಬರುತ್ತೆ, ಮೂಗು ಮುಚ್ಕೊಳ್ಳಿ.

ಮಧ್ಯ ಆಗಸ್ಟ್‌ನಲ್ಲಿ ಕೆಲಸದ ಮೇಲೆ ದುರ್ಗಕ್ಕೆ ಹೋದಾಗ ಇಣುಕಿದೆ. ನಮ್ಮ ಕೋಲು ಜೂನ್‌ನಲ್ಲಿ 451 ಇದ್ದಿದ್ದು ಈಗ 457 ಆಗಿತ್ತು. ಒಣಗೋ ಮರ ತೂಕ ಏರೋದು ಹೇಗೆ ಅಂತ ಗಾಬರಿ ಆದ್ರೆ ಅವ್ರು ನಕ್ರು, ಮಳೆಗಾಲದ ತೇವ ಕುಡಿದೈತೆ, ಮತ್ತೆ ಬಿಡ್ತೈತೆ ಅಂತ. ದೀಪಾವಳಿಗೆ 449. ನಿಂತಿತ್ತು.

ಆವಾಗ ಕೆತ್ತಿದ್ದು. ಒಂದು ಕಡೆ ಸೊಟ್ಟ ಇತ್ತು, ಅದನ್ನ ಕಾದ ಒದ್ದೆ ಮರಳಲ್ಲಿ ಹೂತು, ಬಿಸಿ ಇರೋವಾಗ್ಲೇ ಕಚ್ಚು ಹಾಕಿದ ದಿಮ್ಮಿಗೆ ಸಿಕ್ಕಿಸಿ ಉಲ್ಟಾ ಬಗ್ಗಿಸಿ ತಣ್ಣಗಾಗೋವರೆಗೂ ಹಂಗೇ ಹಿಡಿದಿದ್ರು, ಬಿಟ್ರೆ ವಾಪಸ್ ಹೋಗುತ್ತಂತೆ. ಉಪ್ಪುಕಾಗದ ಹಾಕಿ ಉಜ್ಜಿ ಅಗಸೆ ಎಣ್ಣೆ ಒರೆಸಿದ್ರು, ವಾರ್ನಿಶ್ ಇಲ್ಲ. ಒರೆಸಿದ ಬಟ್ಟೇನ ಹೊರಗೆ ತಂತಿ ಮೇಲೆ ಬಿಡಿಸಿ ಹರವಿದ್ರು, ಮುದ್ದೆ ಮಾಡಿ ಮೂಲೆಗೆ ಎಸೆದ್ರೆ ತಾನೇ ಕಾದು ಬೆಂಕಿ ಹತ್ತೋದುಂಟು. ಮನೇಲಿ ಅಗಸೆ ಎಣ್ಣೆ ಹಾಕೋರು ದಯವಿಟ್ಟು ನೆನಪಿಡಿ.

ಉದ್ದ ತೆಗೆದಿದ್ದು ಮಾತ್ರ ನಂಗೆ ಭಾಳ ಹಿಡಿಸ್ತು. ಅಪ್ಪಾಜೀಗೆ ದಿನಾ ಹಾಕೋ ಚಪ್ಪಲಿ ಹಾಕಿಸಿ ನೇರ ನಿಲ್ಸಿ ಕೈ ಇಳಿಬಿಡಿ ಅಂದ್ರು, ಮಣಿಕಟ್ಟಿನ ಗೆರೆ ಎಲ್ಲಿಗೆ ಬರುತ್ತೋ ಹಿಡಿಕೆ ಅಲ್ಲಿಗೆ, ಆವಾಗ ಮೊಣಕೈ ಸ್ವಲ್ಪ ಮಡಚ್ಕೊಂಡಿರುತ್ತೆ. ಎಡಮಂಡಿ ನೋವಿದ್ರೆ ಕೋಲು ಬಲಗೈಲಿ ಇರ್ಬೇಕು, ಎಡಗಾಲು ಮುಂದಿಡೋವಾಗ ಕೋಲೂ ಜೊತೆಗೆ ಹೋಗ್ಬೇಕು. ಅಪ್ಪಾಜಿ ಒಂದು ವರ್ಷದಿಂದ ಎಡಗೈಲಿ ಹಿಡಿದಿದ್ರು! ಯಾರೂ ಹೇಳಿರ್ಲಿಲ್ಲ.

ಬೈಯೋದೂ ಇದೆ. ಫೋನ್ ಎತ್ತಲ್ಲ, ಎತ್ತಿದ್ರೂ "ಬರ್ರಿ ನೋಡಾಣ" ಅಂತಾರೆ, ಹೋದ್ರೆ ಊರಲ್ಲಿಲ್ಲ, ನಂಗೆ ಒಂದು ಟ್ರಿಪ್ ದಂಡ ಆಯ್ತು. ಕೆಳಗೆ ಹಾಕೋ ರಬ್ಬರ್ ಟೋಪಿ ಥರ್ಡ್ ಕ್ಲಾಸು, ಮೂರೇ ವಾರಕ್ಕೆ ಹರೀತು, ಇಷ್ಟು ಶ್ರದ್ಧೆಯಿಂದ ಕೋಲು ಮಾಡಿ ಜಾರದ ಹಾಗೆ ತಡೆಯೋ ಜಾಗದಲ್ಲೇ ಕಂಜೂಸ್‌ತನ ಯಾಕೋ. ಮೆಡಿಕಲ್ ಶಾಪಲ್ಲಿ ಒಳ್ಳೇದು ತಗೊಂಡು ಹಾಕಿಸಿದೆ. ಜಾಲಿ ಕೋಲು ಸ್ವಲ್ಪ ಭಾರಾನೇ, ಕೈಯಲ್ಲಿ ಬಲ ಕಮ್ಮಿ ಇರೋರು ಬಿದಿರೇ ತಗೊಳ್ಳಿ. ಅಗಸೆ ಎಣ್ಣೆ ವಾಸನೆ ಹದಿನೈದು ದಿನ ಹೋಗ್ಲಿಲ್ಲ, ಅಮ್ಮ ಕೋಲನ್ನ ವರಾಂಡದಲ್ಲೇ ನಿಲ್ಲಿಸಿದ್ರು. ಕಾಡಿನ ಕೋಲು ಬೇಕು ಅಂತ ಕೇಳ್ಬೇಡಿ, ಜೋಗಿಮಟ್ಟಿ ವನ್ಯಜೀವಿ ಧಾಮ, ಅಲ್ಲಿ ಒಂದು ಕಡ್ಡಿ ಮುಟ್ಟಲ್ಲ ಅಂತಾರೆ, ಎಲ್ಲಾ ರೈತರ ಬದುವಿನ ಜಾಲಿ, ಬೇವು, ಹುಣಸೆ.

ಜಾಲಿ ಕೋಲಿಗೆ 800 ತಗೊಂಡ್ರು, ಬಿದಿರಿನದು ವಾಪಸ್ ಕೊಟ್ಟಾಗ ಅಡ್ವಾನ್ಸ್ ಮುರ್ಕೊಂಡ್ರು. ಐದಕ್ಕೆ ನಾಲ್ಕು ಸ್ಟಾರ್, ಒಂದು ರಬ್ಬರಿಗೆ ಕಟ್. ಈಗ ಚಿಕ್ಕಮ್ಮಂಗೂ ಒಂದು ಬೇಕು ಅಂತ ಬೇವಿನದು ಹಿಡಿದಿಟ್ಟು ಬಂದಿದೀನಿ, ಹೋದ ವಾರ 530 ಇತ್ತು, ಆಚಾರ್ರು ಪೆನ್ಸಿಲಲ್ಲಿ ಅದರ ಪಕ್ಕ "ದಾವಣಗೆರೆ ಮಿಲ್ ಯಜಮಾನ್ರ ಮನೆ" ಅಂತ ಬರೆದಿದಾರೆ.